ಕಂಪನಿಯ ಹೆಸರು ನಿಮ್ಮದಾದ ಮಾತ್ರಕ್ಕೆ ಡೊಮೇನ್ ನಿಮ್ಮದಲ್ಲ

ಬ್ರಿಟನ್ನಿನಲ್ಲಿ ಸ್ವಂತ ಲಿಮಿಟೆಡ್ ಕಂಪನಿ ಮಾಡಿಕೊಂಡು ಐಟಿ ಕಾಂಟ್ರಾಕ್ಟ್ ಕೆಲಸಕ್ಕೆ ಇಳಿಯುತ್ತಿರುವ ನಮ್ಮವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇದು ನಾನು 1,380 ಪೌಂಡ್ ತೆತ್ತು ಕಲಿತ ಪಾಠ. ಡೊಮೇನ್ ಎಂದರೆ ಜಾಲತಾಣಕ್ಕೂ ಇಮೇಲಿಗೂ ಬೇಕಾದ ವಿಳಾಸದ ಹೆಸರು. 600 ಪೌಂಡ್‌ಗೆ ಮುಗಿಯುತ್ತಿದ್ದ ಅದರ ವ್ಯವಹಾರವನ್ನು ಕೆಡಿಸಿಕೊಂಡವನು ನಾನೇ. ಹಾಗಾಗಿ ಇನ್ನೊಬ್ಬರ ಮೇಲೆ ದೂರು ಹೇಳುವ ಉದ್ದೇಶವಿಲ್ಲ.

ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದ ಕೆಲವು ವರ್ಷಗಳ ಮೇಲೆ ಕಂಪನಿ ನೋಂದಾಯಿಸಿದೆ. ಹೆಸರು ನಮ್ಮೂರ ಹೊಳೆಯದು, ಅದರ ಮುಂದೆ ‘ಲಿಮಿಟೆಡ್’, ಅಷ್ಟೇ. ಆಗ ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆ ಕಂಪನೀಸ್ ಹೌಸ್‌ನ ಆನ್‌ಲೈನ್ ಶುಲ್ಕ ಬರೀ 12 ಪೌಂಡ್. ಮರುದಿನವೇ ಪ್ರಮಾಣಪತ್ರ ಬಂತು. ಊರಿಗೆ ಕಳಿಸಿದೆ, ಅಪ್ಪ ಅದನ್ನು ಮುದ್ರಿಸಿ, ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ಇಂಗ್ಲೆಂಡಿನ ಸರ್ಕಾರವೇ ಹೊಳೆಯ ಹೆಸರನ್ನು ನಮಗೆ ಬರೆದುಕೊಟ್ಟಿದೆ ಎಂಬ ಭಾವನೆ ಅವರಿಗೆ ಬಂದದ್ದು ಸಹಜ. ನನಗೂ ಬಂದದ್ದು ತಪ್ಪಾಯಿತು.

ಡೊಮೇನ್ ಹುಡುಕಿದಾಗ, ಹೊಳೆಯ ಹೆಸರಿನ ಕೊನೆಗೆ ‘ಡಾಟ್ ಕೋ ಡಾಟ್ ಯುಕೆ’ (.co.uk) ಇರುವುದು ಆಗಲೇ ಯಾರದ್ದೋ ಆಗಿತ್ತು. ಆದರೆ ‘ಡಾಟ್ ಎಲ್‌ಟಿಡಿ ಡಾಟ್ ಯುಕೆ’ (.ltd.uk) ಖಾಲಿ ಇತ್ತು. ಯುಕೆ ಡೊಮೇನುಗಳನ್ನು ನಡೆಸುವ ಸಂಸ್ಥೆ ನಾಮಿನೆಟ್. ಅದರ ನಿಯಮದಲ್ಲಿ ಎಲ್‌ಟಿಡಿ ಡಾಟ್ ಯುಕೆ ನೋಂದಾಯಿತ ಖಾಸಗಿ ಲಿಮಿಟೆಡ್ ಕಂಪನಿಗಳಿಗೆಂದೇ ಮೀಸಲು. ಪಬ್ಲಿಕ್ ಕಂಪನಿಗಳಿಗೆ ಪಿಎಲ್‌ಸಿ ಡಾಟ್ ಯುಕೆ. ಡೊಮೇನ್ ಕಂಪನಿಯ ಹೆಸರಿಗೇ ಹೊಂದಬೇಕು. ಕೋ ಡಾಟ್ ಯುಕೆಗೆ ಇಂಥ ಷರತ್ತಿಲ್ಲ. ಕಂಪನಿ ಇರಲಿ ಬಿಡಲಿ, ಮೊದಲು ಬಂದವರಿಗೆ ಮೊದಲು. ಇದನ್ನು ಓದಿ ನಾನು ಎದೆಯುಬ್ಬಿಸಿದೆ. ರೈಲಿನಲ್ಲಿ ರಿಸರ್ವೇಷನ್ ಬೋಗಿ ಸಿಕ್ಕ ಹಾಗೆ.

ಬೋಗಿ ಮೀಸಲಾದದ್ದು ನಿಜ. ಆದರೆ ಜನ ಆ ಬೋಗಿಯನ್ನು ಹುಡುಕಿಕೊಂಡು ಬರುವುದಿಲ್ಲ. ಬ್ರಿಟನ್ನಿನಲ್ಲಿ ಯಾರಿಗೆ ಇಮೇಲ್ ವಿಳಾಸ ಹೇಳಿದರೂ ಬೆರಳು ತಾನಾಗಿ ಕೋ ಡಾಟ್ ಯುಕೆ ಎಂದು ಒತ್ತುತ್ತದೆ. ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರೂ ಕಾಂಟ್ರಾಕ್ಟ್ ಕೊಡಿಸುವ ಏಜೆನ್ಸಿಯವರು ‘ಆಯಿತು’ ಎಂದು ಕೋ ಡಾಟ್ ಯುಕೆಗೇ ಕಳಿಸುತ್ತಿದ್ದರು.

ಆ ಪತ್ರಗಳು ಲೆಸ್ಟರಿನ ಗುಜರಾತಿ ಹಿರಿಯರೊಬ್ಬರಿಗೆ ತಲುಪುತ್ತಿದ್ದವು. ಅಂಗಡಿ ನಡೆಸಿ ನಿವೃತ್ತರಾದವರು. ನಮ್ಮ ಹೊಳೆಯ ಹೆಸರೇ ಅವರ ಮಗಳ ಹೆಸರು. 2003ರಲ್ಲಿ, ಅವಳು ಶಾಲೆಯಲ್ಲಿದ್ದಾಗ, ಆ ಡೊಮೇನ್ ಕೊಂಡು ಮನೆಮಂದಿಯ ಇಮೇಲಿಗೆ ಬಳಸುತ್ತಿದ್ದರು. ಜಾಲತಾಣವೇನೂ ಇರಲಿಲ್ಲ. ನನ್ನ ಹೆಸರಿಗೆ ಬಂದ ಪತ್ರಗಳನ್ನು, ‘ಇದು ನಿಮ್ಮದಿರಬೇಕು’ ಎಂಬ ಒಂದು ಸಾಲು ಸೇರಿಸಿ, ತಾಳ್ಮೆಯಿಂದ ನನಗೆ ಕಳಿಸುತ್ತಿದ್ದರು. ಒಮ್ಮೆ ಕೇಳಿಯೂ ಬಿಟ್ಟೆ: ಮಾರುತ್ತೀರಾ? 600 ಪೌಂಡ್ ಕೊಟ್ಟರೆ ಬಿಟ್ಟುಕೊಡುತ್ತೇನೆ, ಮಗಳಿಗೆ ಮದುವೆಯಾಗಿದೆ, ಅವಳಿಗೆ ಬೇಡವಂತೆ ಎಂದರು.

ಅಲ್ಲಿಗೆ ಕೈಮುಗಿದು ಹಣ ಕೊಡಬೇಕಿತ್ತು. ನನಗೆ ಹೊಕ್ಕಿದ್ದು ಪ್ರಮಾಣಪತ್ರದ ಅಮಲು. ಕಾನೂನುಬದ್ಧ ಕಂಪನಿ ನನ್ನದು, ಖಾಲಿ ಡೊಮೇನ್ ಇಟ್ಟುಕೊಂಡು ಇವರು ಹಣ ಕೇಳುವುದೇನು? ವಕೀಲರೊಬ್ಬರಿಗೆ 480 ಪೌಂಡ್ ಕೊಟ್ಟು ಬಿಗಿಯಾದ ನೋಟಿಸ್ ಬರೆಸಿದೆ. ಲೆಸ್ಟರಿನಿಂದ ಉತ್ತರ ಬರಲಿಲ್ಲ. ಪತ್ರಗಳನ್ನು ನನಗೆ ಕಳಿಸುವುದು ಮಾತ್ರ ಅಂದಿಗೇ ನಿಂತಿತು. ಕಾಂಟ್ರಾಕ್ಟ್ ಮುಂದುವರಿಸಲು ಏಜೆನ್ಸಿ ಕಳಿಸಿದ ಪತ್ರವೂ ಆ ಸಮಯದಲ್ಲೇ ಅತ್ತ ಹೋಯಿತು ಎಂದು ನನಗೆ ಗೊತ್ತಾದದ್ದು, ಜಾಗಕ್ಕೆ ಬೇರೆಯವರು ಬಂದ ಮೇಲೆ. ಹೇಳಿದ 1,380ರಲ್ಲಿ ಆ ನಷ್ಟ ಸೇರಿಲ್ಲ. ಅದನ್ನು ಲೆಕ್ಕ ಹಾಕಲು ನನಗೇ ಧೈರ್ಯವಿಲ್ಲ.

ಆಮೇಲೆ ನಾಮಿನೆಟ್‌ನ ವಿವಾದ ಪರಿಹಾರ ವ್ಯವಸ್ಥೆಗೆ ದೂರು ಕೊಟ್ಟೆ. ಎದುರಿನವರು ಉತ್ತರಿಸಿದರೆ ಮೊದಲು ಮಧ್ಯಸ್ಥಿಕೆ ನಡೆಯುತ್ತಿತ್ತು, ಅದು ಆಗ ಉಚಿತವಾಗಿತ್ತು. ಮಧ್ಯಸ್ಥರು ಫೋನಿನಲ್ಲಿ ಇಬ್ಬರ ಜೊತೆಗೂ ಮಾತನಾಡಿದರು. ಹಿರಿಯರು ಈಗ ಯಾವ ಬೆಲೆಗೂ ಮಾರುವುದಿಲ್ಲ ಎಂದರು. ಅಲ್ಲಿಗಾದರೂ ನಾನು ನಿಲ್ಲಬಹುದಿತ್ತು. ತಜ್ಞರ ಪೂರ್ಣ ತೀರ್ಪಿಗೆ 750 ಪೌಂಡ್, ವ್ಯಾಟ್ ಸೇರಿ 900, ಕಟ್ಟಿದೆ.

ದೂರಿನಲ್ಲಿ ನಾನು ಬರೆದದ್ದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಒನ್ ಇನ್ ಎ ಮಿಲಿಯನ್ ಪ್ರಕರಣವನ್ನು ಉದ್ಧರಿಸಿದ್ದೆ. ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್, ಬ್ರಿಟಿಷ್ ಟೆಲಿಕಾಂ ಮುಂತಾದವರ ಹೆಸರಿನ ಡೊಮೇನುಗಳನ್ನು ಕೊಂಡಿಟ್ಟುಕೊಂಡವರ ವಿರುದ್ಧ 1998ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಅದು. ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಹೆಸರು ದೇಶಕ್ಕೆಲ್ಲ ಗೊತ್ತು. ನನ್ನ ಕಂಪನಿ ಗೊತ್ತಿದ್ದುದು ನನಗೆ, ಅಕೌಂಟೆಂಟ್‌ಗೆ, ಒಂದು ಏಜೆನ್ಸಿಗೆ.

ದೂರುದಾರ ಎರಡು ಸಂಗತಿ ಸಾಬೀತು ಮಾಡಬೇಕು. ಒಂದು, ಆ ಹೆಸರಿನಲ್ಲಿ ತನಗೆ ಹಕ್ಕಿದೆ. ಎರಡು, ಎದುರಿನವರ ಕೈಯಲ್ಲಿ ಅದು ದುರುಪಯೋಗದ ನೋಂದಣಿ. ನಾನು ಮೊದಲ ಮೆಟ್ಟಿಲಲ್ಲೇ ಎಡವಿದೆ. ಕಂಪನಿಯ ನೋಂದಣಿ, ಬರೀ ನೋಂದಣಿಯಾಗಿ, ಸಾಮಾನ್ಯವಾಗಿ ಆ ಹಕ್ಕನ್ನು ತಂದುಕೊಡುವುದಿಲ್ಲ; ಆ ಹೆಸರಿನಿಂದ ಮಾರುಕಟ್ಟೆಯಲ್ಲಿ ಗಳಿಸಿದ ಖ್ಯಾತಿಯೋ ಟ್ರೇಡ್‌ಮಾರ್ಕೋ ಬೇಕು. ಎರಡನೆಯದಂತೂ ದೂರದ ಮಾತು. ನನ್ನ ಕಂಪನಿ ಹುಟ್ಟುವ ಎಷ್ಟೋ ವರ್ಷ ಮೊದಲೇ ಕೊಂಡ ಡೊಮೇನ್ ನನ್ನನ್ನು ಪೀಡಿಸಲು ಕೊಂಡದ್ದು ಹೇಗಾದೀತು? ಜಾಲತಾಣ ಇಲ್ಲದಿರುವುದೊಂದೇ ದುರುಪಯೋಗಕ್ಕೆ ಸಾಕ್ಷಿಯಲ್ಲ, ಲಾಭಕ್ಕೆ ಡೊಮೇನ್ ಮಾರುವುದೂ ತನ್ನಷ್ಟಕ್ಕೆ ಅಪರಾಧವಲ್ಲ ಎಂದು ನಾಮಿನೆಟ್‌ನ ನಿಯಮಾವಳಿಯಲ್ಲೇ ಇತ್ತು. ಅಷ್ಟು ಓದಲು 900 ಪೌಂಡ್ ಕಟ್ಟುವುದು ಬೇಕಿರಲಿಲ್ಲ.

ಇನ್ನೊಂದು ಎಚ್ಚರ. ತೀರ್ಪುಗಳು ಪ್ರಕಟವಾಗುತ್ತವೆ. ದುರುದ್ದೇಶದಿಂದ ತಂದ ದೂರು ಎಂದು ತಜ್ಞರು ಬರೆದರೆ ಅದೂ ಎಲ್ಲರ ಕಣ್ಣಿಗೆ ಬೀಳುತ್ತದೆ. ನನಗೆ ಹಾಗಾಗಲಿಲ್ಲ, ಕೂದಲೆಳೆಯಲ್ಲಿ ಉಳಿದೆ. ಮೇಲ್ಮನವಿಗೆ ಆಗ 3,000 ಪೌಂಡ್ ಇತ್ತು, ಅದರ ಮೇಲೆ ವ್ಯಾಟ್. ಆ ಅಂಕಿ ನೋಡಿದಾಗ ಅಮಲು ಇಳಿಯಿತು.

ಅನಂತರ ಟ್ರೇಡ್‌ಮಾರ್ಕ್ ಅರ್ಜಿಗೆಂದು ಕೂತೆ. ಒಂದು ವರ್ಗದ ಸರಕು ಅಥವಾ ಸೇವೆಗೆ ಆಗ 170 ಪೌಂಡ್ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಇಂದು ಪಡೆದ ಟ್ರೇಡ್‌ಮಾರ್ಕಿನ ಬಲದಿಂದ 2003ರ ಡೊಮೇನನ್ನು ಕಿತ್ತುಕೊಳ್ಳುವ ಯೋಚನೆಯನ್ನು ಹೆಂಡತಿಯೇ ಬಿಡಿಸಿದಳು.

ನೀವು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕಂಪನಿಯ ಹೆಸರು ನೋಂದಾಯಿಸುವ ಮೊದಲೇ ಕೋ ಡಾಟ್ ಯುಕೆ ಮತ್ತು ಬರೀ ಡಾಟ್ ಯುಕೆ ಎರಡೂ ಸಿಗುತ್ತವೆಯೇ ನೋಡಿ. ಸಿಗದಿದ್ದರೆ ಹೆಸರನ್ನೇ ಬದಲಿಸಿ. ಹೊಳೆಯ ಮೇಲಿನ ಪ್ರೀತಿಯನ್ನು ಮನೆಯ ಫಲಕಕ್ಕೆ ಇಟ್ಟುಕೊಳ್ಳಿ. ಬರೀ ‘ಡಾಟ್ ಎಲ್‌ಟಿಡಿ’ಯನ್ನು ಎಲ್‌ಟಿಡಿ ಡಾಟ್ ಯುಕೆ ಎಂದು ತಿಳಿಯಬೇಡಿ. ಕೊನೆಯಲ್ಲಿ ಯುಕೆ ಇಲ್ಲದ ಅದು ಬೇರೆಯದೇ ಡೊಮೇನ್, ನಾಮಿನೆಟ್‌ಗೆ ಸೇರಿದ್ದಲ್ಲ. ಹಾಗೆಯೇ ಕಂಪನೀಸ್ ಹೌಸ್‌ಗೆ ವರ್ಷವರ್ಷ ಸಲ್ಲಿಸಬೇಕಾದ ಕಾಗದ ಮರೆಯಬೇಡಿ. ಕಂಪನಿಯನ್ನು ಪಟ್ಟಿಯಿಂದ ತೆಗೆದುಹಾಕಿ ವಿಸರ್ಜಿಸಿದರೆ, ಅದರ ಹೆಸರಿನಲ್ಲಿ ಉಳಿದ ಆಸ್ತಿ ‘ಕ್ರೌನ್’ಗೆ, ಅಂದರೆ ಸಾಮಾನ್ಯವಾಗಿ ಬ್ರಿಟಿಷ್ ಸರ್ಕಾರಕ್ಕೆ, ಹೋಗುತ್ತದೆ. ಡೊಮೇನ್ ಹೆಸರೂ ಆ ಆಸ್ತಿಯಲ್ಲಿ ಒಂದು. ಪರಿಚಯದವರೊಬ್ಬರು ಇದನ್ನು ನಂಬದೆ ನಕ್ಕಿದ್ದರು, ಆಮೇಲೆ ಅರ್ಜಿ ಹಿಡಿದು ಓಡಾಡಿದರು.

ನಾನು ಕೊನೆಗೆ ಕಂಪನಿಯ ಹೆಸರನ್ನೇ ಬದಲಾಯಿಸಿದೆ. ಹೆಸರಿಗೂ ಡೊಮೇನಿಗೂ ಹೊಂದಿಕೆ ಇರಬೇಕೆಂಬುದೇ ಎಲ್‌ಟಿಡಿ ಡಾಟ್ ಯುಕೆಯ ಷರತ್ತಾದ್ದರಿಂದ, ಹೆಸರು ಬದಲಿಸುವ ಮುನ್ನವೇ ಬ್ಯಾಂಕ್, ತೆರಿಗೆ, ಪಿಂಚಣಿ ಖಾತೆಗಳ ಇಮೇಲನ್ನೆಲ್ಲ ಹೊಸ ವಿಳಾಸಕ್ಕೆ ಸಾಗಿಸಬೇಕಾಯಿತು. ಮೂರು ವಾರಾಂತ್ಯ ಹಿಡಿಯಿತು. ಮುಗಿದ ಮೇಲೆ ಲೆಸ್ಟರಿನವರಿಗೆ ಕ್ಷಮೆ ಕೇಳಿ ಒಂದು ಪತ್ರ ಬರೆದೆ. ಉತ್ತರ ಬರಲಿಲ್ಲ. ಆದರೆ ಹದಿನೈದು ದಿನದ ಮೇಲೆ ಹಳೆಯ ಏಜೆನ್ಸಿಯ ಪತ್ರವೊಂದು ಅವರ ವಿಳಾಸದಿಂದ ಬಂತು, ಮೇಲೊಂದು ಸಾಲು: ‘ಇದು ನಿಮ್ಮದಿರಬೇಕು.’