ಕುದುರೆ ಸುಮಾರು, ಹಂದಿ ಭರ್ಜರಿ: ಒಂದು ಹಳೇ ತೈಲಚಿತ್ರದ ವಿಮರ್ಶೆ

ಕುದುರೆ ನೋಡಿ ಕೊಂಡ ಚಿತ್ರ ಇದು. ಈಗ ದಿನಾ ಕಣ್ಣು ಹೋಗಿ ಕೂರುವುದು ಮಾತ್ರ ಹಂದಿಯ ಮೇಲೆ.

ಮೊದಲು ಏನೇನಿದೆ ಅಂತ ಹೇಳಿಬಿಡುತ್ತೇನೆ. ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ಅಗಲ ಸುಮಾರು ಮೂರಡಿ, ಎತ್ತರ ಎರಡಡಿ. ಇಂಗ್ಲೆಂಡಿನ ಹಳ್ಳಿಯೊಂದರ ಕೊಟ್ಟಿಗೆಯ ಅಂಗಳ. ಎಡಗಡೆ ಲಾಯದ ಬಾಗಿಲಲ್ಲಿ ಒಂದು ಬಿಳಿ ಕುದುರೆ, ಒಂದು ಕಂದು ಕುದುರೆ. ಅವುಗಳ ಮುಂದೆ ಒಣಹುಲ್ಲಿನ ರಾಶಿ. ಬಲಗಡೆ ಕೆಳಮೂಲೆಯಲ್ಲಿ ಮಲಗಿದ ಹೆಣ್ಣು ಹಂದಿ, ಅದರ ಹೊಟ್ಟೆಗೆ ಅಂಟಿಕೊಂಡ ಮರಿಗಳು. ನಡುವೆ ಹೇಂಟೆಗಳು, ನೀರಿನ ತೊಟ್ಟಿಯ ಹತ್ತಿರ ಬಾತುಕೋಳಿಗಳು. ಹಿಂದೆ, ಬೇಲಿಯಾಚೆ, ಆಗಷ್ಟೇ ಏಳುತ್ತಿರುವ ಒಂದು ಹಸು.

ಮಾರಿದವರು ಹಳೇ ಚಿತ್ರ, ಹಳೇ ಪೀಠೋಪಕರಣ ಮಾರುವ ಒಂದು ಆನ್‌ಲೈನ್ ಅಂಗಡಿಯವರು. ಹೆಸರು ಬೇಡ. ವಿವರಣೆಯಲ್ಲಿ ಅವರು ಬರೆದಿದ್ದು ಹೀಗೆ: 1850ರ ಸುಮಾರಿನದು, ಕುದುರೆ ಚಿತ್ರಗಳಿಗೆ ಹೆಸರಾದ ಇಂಗ್ಲೆಂಡಿನ ಚಿತ್ರಕಾರ ಜೆ. ಎಫ್. ಹೆರಿಂಗ್ ಸೀನಿಯರ್ ಸಹಿ ಇದೆ, ಪರಿಣತರಿಂದ ಸ್ವಚ್ಛ ಮಾಡಿಸಲಾಗಿದೆ, ಸ್ಥಿತಿ ಅತ್ಯುತ್ತಮ. ಈ ನಾಲ್ಕರಲ್ಲಿ ಒಂದೂ ಪೂರ್ತಿ ನಿಜ ಅಲ್ಲ. ಆದರೂ ನಾನು ಚಿತ್ರ ವಾಪಸ್ ಕಳಿಸಲಿಲ್ಲ.

ನಾನು ಪಶುವೈದ್ಯ. ಚಿತ್ರಕಲೆ ನನ್ನ ಹವ್ಯಾಸ ಅಷ್ಟೇ. ಚಿತ್ರದಲ್ಲಿ ಪ್ರಾಣಿ ಕಂಡರೆ ಮೊದಲು ಕಾಲು ನೋಡುತ್ತೇನೆ, ಆಮೇಲೆ ಕಿವಿ, ಆಮೇಲೆ ಕಣ್ಣು. ಬೇಡ ಅಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಬಿಳಿ ಕುದುರೆಯಿಂದ ಶುರು ಮಾಡೋಣ. ಮುಖ ಬಹಳ ಚೆಂದ. ಹಣೆಯಿಂದ ಮೂಗಿಗೆ ಇಳಿಯುವ ಗೆರೆ ಸ್ವಲ್ಪ ಒಳಕ್ಕೆ ಬಾಗಿದೆ. ದೊಡ್ಡ ಕಣ್ಣು, ಅಗಲ ಹೊಳ್ಳೆ, ಪುಟ್ಟ ಮೂತಿ. ಅಪ್ಪಟ ಅರಬ್ಬಿ ಕುದುರೆಯ ತಲೆ. ಕುತ್ತಿಗೆಯಿಂದ ಕೆಳಗೆ ಬಂದರೆ ಅದು ಹೊಲದಲ್ಲಿ ದುಡಿಯುವ ದಪ್ಪ ಗಾಡಿ ಕುದುರೆ! ಅಗಲವಾದ ಎದೆ, ಗೊರಸು ಮುಚ್ಚುವಷ್ಟು ಕೂದಲಿರುವ ಕಾಲು. ತಲೆ ಒಂದು ಕಡೆಯದು, ಮೈ ಇನ್ನೊಂದು ಕಡೆಯದು.

ತಲೆ ಎಲ್ಲಿಂದ ಬಂದಿರಬಹುದು ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ಹೆರಿಂಗ್ 1848ರಲ್ಲಿ 'ಫೇರೋನ ರಥದ ಕುದುರೆಗಳು' ಅಂತ ಮೂರು ಅರಬ್ಬಿ ಕುದುರೆಗಳ ತಲೆಗಳನ್ನು ಒಂದು ವೃತ್ತದೊಳಗೆ ಬಿಡಿಸಿದ್ದರು. ಅದರ ಅಚ್ಚುಚಿತ್ರಗಳು ಆ ಕಾಲದಲ್ಲಿ ಮನೆಮನೆಗೆ ಹೋದವು. ಕುದುರೆ ಬಿಡಿಸಲು ಕಲಿಯುವವರಿಗೆ ನೋಡಿ ತಿದ್ದಲು ಅಂಥ ಅಚ್ಚುಗಳು ಸುಲಭವಾಗಿ ಸಿಗುತ್ತಿದ್ದವು. ನಮ್ಮ ಚಿತ್ರಕಾರನೂ ಒಂದನ್ನು ಎದುರಿಗಿಟ್ಟುಕೊಂಡಂತೆ ಕಾಣುತ್ತದೆ.

ಕಂದು ಕುದುರೆ ಇನ್ನೂ ಮಜಾ. ಅದರ ಮುಂಗಾಲು ಗೊರಸಿನ ಮೇಲೆ ನೆಟ್ಟಗೆ ಕಂಬದ ಹಾಗೆ ನಿಂತಿದೆ. ನಿಜವಾದ ಕುದುರೆಗೆ ಗೊರಸಿನ ಮೇಲಿನ ಗೆಣ್ಣು ಓರೆಯಾಗಿ ಇಳಿಯಬೇಕು. ಹೆಜ್ಜೆ ಇಟ್ಟಾಗ ಭಾರ ತಾಳಿಕೊಳ್ಳುವುದು ಆ ಓರೆಯಿಂದಲೇ. ಇಂಥ ಕಾಲಿನ ಕುದುರೆ ನನ್ನ ಹತ್ತಿರ ಬಂದಿದ್ದರೆ ಮೊದಲು ಕುಂಟುತ್ತಾ ಅಂತ ಕೇಳುತ್ತಿದ್ದೆ. ಹಿಂಗಾಲು ಹೇಗಿದೆ ಅಂತ ಹೇಳಲು ಆಗುವುದಿಲ್ಲ, ಯಾಕೆಂದರೆ ಅದನ್ನು ಹುಲ್ಲಿನ ರಾಶಿಯಲ್ಲಿ ಮುಚ್ಚಿಬಿಟ್ಟಿದ್ದಾರೆ. ಹಳೇ ಉಪಾಯ. ಗೊರಸು ಬಿಡಿಸಲು ಬಾರದವರಿಗೆಲ್ಲ ಹುಲ್ಲು ದೇವರಿದ್ದ ಹಾಗೆ.

ಹೆರಿಂಗ್ ಇಂಥ ಕೆಲಸ ಮಾಡುವವರಲ್ಲ. 1795ರಲ್ಲಿ ಹುಟ್ಟಿ 1865ರಲ್ಲಿ ತೀರಿಕೊಂಡ ಅವರು ಚಿತ್ರಕಾರ ಅನ್ನಿಸಿಕೊಳ್ಳುವ ಮೊದಲು ಸಾರೋಟು ಓಡಿಸುತ್ತಿದ್ದರು. ದಿನವಿಡೀ ಕುದುರೆಗಳ ಬೆನ್ನು, ಕಿವಿ, ಕಾಲು ನೋಡಿಯೇ ಬದುಕಿದವರು. ಆಮೇಲೆ ಡಾನ್‌ಕಾಸ್ಟರ್‌ನ ಸೇಂಟ್ ಲೆಜರ್ ಪಂದ್ಯದಲ್ಲಿ ಗೆದ್ದ ಕುದುರೆಗಳನ್ನು ವರ್ಷವರ್ಷವೂ ಬಿಡಿಸಿದರು. ಅವರಿಗಿಂತ ಹಿಂದಿನ ಜಾರ್ಜ್ ಸ್ಟಬ್ಸ್ ಅಂತೂ ಸತ್ತ ಕುದುರೆಗಳ ಚರ್ಮ, ಮಾಂಸ, ಎಲುಬು ಪದರ ಪದರವಾಗಿ ಬಿಡಿಸಿ ನೋಡಿ, 1766ರಲ್ಲಿ ಕುದುರೆಯ ಅಂಗರಚನೆಯ ಪುಸ್ತಕವನ್ನೇ ತಂದರು. ಆ ಚಿತ್ರಗಳನ್ನು ಈಗಲೂ ಪಶುವೈದ್ಯರು ಮೆಚ್ಚಿಕೊಂಡು ನೋಡುತ್ತಾರೆ. ಹಾಗಾಗಿ ಆ ಕಾಲದವರಿಗೆ ಅಷ್ಟೇ ಗೊತ್ತಿತ್ತು ಅಂತ ರಿಯಾಯಿತಿ ಕೊಡುವ ಹಾಗಿಲ್ಲ.

ಇನ್ನು ಸಹಿ. ಕೆಳಗೆ ಎಡಗಡೆ, ಕಲ್ಲಿನ ಮೇಲೆ, ಕಪ್ಪಗೆ ಸ್ಪಷ್ಟವಾಗಿದೆ. ಸ್ವಲ್ಪ ಜಾಸ್ತಿಯೇ ಸ್ಪಷ್ಟ. ಹೆರಿಂಗರ ಮಗನಿಗೂ ಅದೇ ಹೆಸರು, ಅವನೂ ಚಿತ್ರಕಾರ. ಗೊಂದಲ ಬೇಡ ಅಂತ ತಂದೆ ತಮ್ಮ ಸಹಿಗೆ ಸೀನಿಯರ್ ಅಂತ ಸೇರಿಸುತ್ತಿದ್ದರು. ಇಲ್ಲೂ ಅದು ಇದೆ. ಭೂತಗನ್ನಡಿ ಹಿಡಿದು ನೋಡಿದರೆ ಕಥೆ ಬೇರೆ. ಹಳೇ ಎಣ್ಣೆಬಣ್ಣ ಒಣಗಿ ಒಣಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಚಿತ್ರದ ಜೊತೆಗೇ ಮಾಡಿದ ಸಹಿಯಾದರೆ ಬಿರುಕು ಅಕ್ಷರವನ್ನೂ ಸೀಳಿಕೊಂಡು ಹೋಗಬೇಕು. ಇಲ್ಲಿ ಅಕ್ಷರದ ಕಪ್ಪು ಬಣ್ಣ ಬಿರುಕಿನೊಳಕ್ಕೆ ಇಳಿದು ಅಕ್ಕಪಕ್ಕ ಹರಡಿದೆ. ಅಂದರೆ ಬಿರುಕು ಮೊದಲು, ಸಹಿ ಆಮೇಲೆ.

ನನ್ನ ಹತ್ತಿರ ವುಡ್ಸ್ ಲ್ಯಾಂಪ್ ಇದೆ. ಬೆಕ್ಕು, ನಾಯಿಗಳ ಗಜಕರ್ಣ ಪತ್ತೆ ಮಾಡಲು ಬಳಸುವ ನೇರಳಾತೀತ ದೀಪ. ಕೋಣೆ ಕತ್ತಲು ಮಾಡಿ ಅದನ್ನು ಚಿತ್ರದ ಮೇಲೆ ಹಿಡಿದೆ. ಮರದ ಅಂಟಿನಿಂದ ಮಾಡಿದ ಹಳೇ ವಾರ್ನಿಷ್ ಈ ಬೆಳಕಿಗೆ ಮಬ್ಬು ಹಸಿರಾಗಿ ಹೊಳೆಯುತ್ತದೆ. ಅದರ ಮೇಲೆ ಆಮೇಲೆ ಹಚ್ಚಿದ ಬಣ್ಣ ಕಪ್ಪು ಮಚ್ಚೆಯಾಗಿ ಎದ್ದು ಕಾಣುತ್ತದೆ. ಸಹಿ ಪೂರ್ತಿ ಕಪ್ಪು. ಆಕಾಶದಲ್ಲೂ ಅಂಗೈ ಅಗಲದ ಕಪ್ಪು ಮಚ್ಚೆ ಸಿಕ್ಕಿತು. ತಿರುಗಿಸಿ ನೋಡಿದರೆ ಅದೇ ಜಾಗದಲ್ಲಿ ಬಟ್ಟೆಯ ತೇಪೆ. ಹಿಂದೆಂದೋ ಅಲ್ಲಿ ಹರಿದಿದೆ. "ಸ್ಥಿತಿ ಅತ್ಯುತ್ತಮ" ಅಂತ ಬರೆದವರು ಚಿತ್ರವನ್ನು ಒಮ್ಮೆ ತಿರುಗಿಸಿದ್ದರೂ ಸಾಕಿತ್ತು.

ತಿರುಗಿಸಿದ್ದರೆ ಇನ್ನೊಂದೂ ಕಾಣುತ್ತಿತ್ತು. ಕ್ಯಾನ್ವಾಸ್ ಹಿಂದೆ ವಿನ್ಸರ್ ಅಂಡ್ ನ್ಯೂಟನ್ ಮುದ್ರೆ ಇದೆ. ಬಣ್ಣ, ಕ್ಯಾನ್ವಾಸ್ ಮಾರುವ ಈ ಕಂಪನಿ 1832ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಈ ಮುದ್ರೆಯಲ್ಲಿ ಹೆಸರಿನ ಮುಂದೆ ಲಿಮಿಟೆಡ್ ಅಂತ ಇದೆ. ಅವರು ಲಿಮಿಟೆಡ್ ಕಂಪನಿ ಆಗಿದ್ದು 1882ರಲ್ಲಿ. ಹೆರಿಂಗ್ ಸತ್ತು ಆಗಲೇ ಹದಿನೇಳು ವರ್ಷ ಆಗಿತ್ತು! 1850 ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಹತ್ತೊಂಬತ್ತನೇ ಶತಮಾನದ ಕೊನೆಯದು ಅಂತ ಇಟ್ಟುಕೊಳ್ಳಬಹುದು. ಆಗಲೂ ನೂರು ವರ್ಷ ದಾಟಿದ ಚಿತ್ರವೇ. ಹಳೆಯದು ಅನ್ನುವುದರಲ್ಲಿ ಮೋಸ ಇಲ್ಲ, ಯಾರದು ಅನ್ನುವುದರಲ್ಲಿ ಇದೆ.

ಸ್ವಚ್ಛ ಮಾಡಿಸಿದ್ದರ ಬಗ್ಗೆ ಎರಡು ಮಾತು. ಮಾಡಿಸಿರುವುದು ನಿಜ, ಆದರೆ ಕುದುರೆಗಳ ಭಾಗವನ್ನು ಮಾತ್ರ. ಅದೂ ಕೈ ಬಿಗಿ ಹಿಡಿಯದೆ ಉಜ್ಜಿದ್ದಾರೆ. ಚಿತ್ರಕಾರ ಮೂತಿಯ ಮೀಸೆ, ರೆಪ್ಪೆ, ಜೂಲಿನ ಎಳೆಗಳನ್ನು ಕಟ್ಟಕಡೆಗೆ ತೆಳು ಬಣ್ಣದಲ್ಲಿ ಎಳೆಯುತ್ತಾನೆ. ದ್ರಾವಕ ಜಾಸ್ತಿಯಾದರೆ ವಾರ್ನಿಷ್ ಜೊತೆ ಮೊದಲು ಎದ್ದು ಹೋಗುವುದು ಇವೇ. ಬಿಳಿ ಕುದುರೆಯ ಬಲಗಣ್ಣಿಗೆ ರೆಪ್ಪೆಯೇ ಉಳಿದಿಲ್ಲ. ಹಾಗಾಗಿ ಕುದುರೆಗಳ ತಪ್ಪನ್ನೆಲ್ಲ ಚಿತ್ರಕಾರನ ತಲೆಗೆ ಕಟ್ಟುವುದೂ ಸರಿಯಲ್ಲ. ಕಾಲಿನ ತಪ್ಪು ಅವನದು, ಕಣ್ಣಿನ ತಪ್ಪು ಉಜ್ಜಿದವರದು.

ಹಂದಿಯ ಮೂಲೆಗೆ ಅವರ ಕೈ ತಲುಪಿಲ್ಲ. ಬಚಾವ್.

ಹಳದಿ ಕಟ್ಟಿದ ವಾರ್ನಿಷ್ ಕೆಳಗೆ ಆ ಹಂದಿ ಹೇಗಿತ್ತೋ ಹಾಗೇ ಇದೆ. ಸ್ವಲ್ಪ ಹೊತ್ತು ಎದುರಿಗೆ ನಿಲ್ಲಬೇಕು. ಮೇಲಿನ ಕಿವಿ ಬೆಳಕಿಗೆ ಅಡ್ಡ ಬಂದಿದೆ, ಅಂಚಿನಲ್ಲಿ ತೆಳು ಕೆಂಪು. ಬಿಸಿಲು ಕಿವಿಯೊಳಗಿಂದ ಹಾದು ಬಂದರೆ ಹಾಗೇ ಕಾಣುವುದು. ಮೈಮೇಲಿನ ಬಿರುಸು ಕೂದಲನ್ನು ಬ್ರಷ್ಷಿನ ಹಿಂತುದಿಯಿಂದ ಹಸಿ ಬಣ್ಣದಲ್ಲಿ ಗೀರಿದ್ದಾನೆ. ಮೂತಿಯ ತುದಿಯಲ್ಲಿ ಒಂದೇ ಒಂದು ಬಿಳಿ ಚುಕ್ಕೆ. ಅಷ್ಟಕ್ಕೇ ಮೂತಿ ಒದ್ದೆಯಾಗಿಬಿಟ್ಟಿದೆ. ಕಣ್ಣು ಅರ್ಧ ಮುಚ್ಚಿದೆ. ಮರಿಗಳಿಗೆ ಹಾಲು ಬಿಟ್ಟ ಹಂದಿಯ ಕಣ್ಣು ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಮರಿಗಳು ಒಂದರ ಪಕ್ಕ ಒಂದು ಸಾಲಾಗಿ ಜಗ್ಗುತ್ತಿವೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಂದಿಮರಿಗಳು ತಮ್ಮ ತಮ್ಮ ಮೊಲೆ ಗೊತ್ತು ಮಾಡಿಕೊಂಡು ಅದನ್ನೇ ಹಿಡಿಯುತ್ತವೆ. ಮುಂದಿನ ಮೊಲೆಗೆ ಬಲವಾದ ಮರಿ ಬಂದು ಸೇರುವುದು ಸಾಮಾನ್ಯ. ಚಿತ್ರದಲ್ಲಿ ಮುಂದಿನ ಮರಿ ದುಂಡಗಿದೆ. ಹಿಂದಿನ ತುದಿಯಲ್ಲೊಂದು ಬಡಕಲು ಮರಿ, ಬೇರೆಯವರ ಬೆನ್ನ ಮೇಲೆ ಕಾಲಿಟ್ಟು ನುಗ್ಗುತ್ತಿದೆ. ಇದನ್ನು ಯಾವ ಅಚ್ಚುಚಿತ್ರವೂ ಹೇಳಿಕೊಡುವುದಿಲ್ಲ. ಹಂದಿಗೂಡಿನ ಎದುರು ಕೂತು ನೋಡಿಯೇ ಬಿಡಿಸಿದ್ದು ಇದು.

ಆ ಕಾಲದ ಪ್ರಾಣಿಚಿತ್ರಗಳನ್ನು ನೋಡಿದವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತಿರುತ್ತದೆ. ಇಂಗ್ಲೆಂಡಿನ ಜಮೀನುದಾರರು ತಮ್ಮ ದನ, ಹಂದಿಗಳು ಎಷ್ಟು ಕೊಬ್ಬಿವೆ ಅಂತ ತೋರಿಸಿಕೊಳ್ಳಲು ಚಿತ್ರ ಬರೆಸುತ್ತಿದ್ದರು. ಜಾನ್ ಬೌಲ್ಟ್‌ಬಿ 1802ರಲ್ಲಿ ಬಿಡಿಸಿದ ಡರ್ಹಮ್ ಎತ್ತು ತುಂಬಾ ಹೆಸರಾಯಿತು. ಇಂಥ ಚಿತ್ರಗಳಲ್ಲಿ ಎಷ್ಟೋ ಪ್ರಾಣಿಗಳ ಮೈ ಪೆಟ್ಟಿಗೆಯಂತೆ ಚೌಕ, ಅದಕ್ಕೆ ಸಣ್ಣ ತಲೆ, ಕಡ್ಡಿ ಕಾಲು. ಇಲ್ಲದ ಕೊಬ್ಬನ್ನು ಅಲ್ಲಲ್ಲಿ ಸೇರಿಸಿ ಬಿಡಿಸು ಅಂದಾಗ ಅಚ್ಚು ಕೆತ್ತುವ ಥಾಮಸ್ ಬೀವಿಕ್ ಒಪ್ಪಲಿಲ್ಲವಂತೆ, ಅದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ನಮ್ಮ ಹಂದಿಗೆ ಹಾಗೆ ದುಡ್ಡು ಕೊಟ್ಟು ಬರೆಸುವ ಯಜಮಾನ ಇರಲಿಲ್ಲ ಅನ್ನಿಸುತ್ತದೆ. ಹಾಲೂಡಿ ಹಾಲೂಡಿ ಅದರ ಬೆನ್ನೆಲುಬು ಸ್ವಲ್ಪ ಎದ್ದಿದೆ, ಸೊಂಟದ ಹತ್ತಿರ ಗುಳಿ ಬಿದ್ದಿದೆ. ಅದನ್ನೂ ಬಿಡದೆ ಬಿಡಿಸಿದ್ದಾನೆ.

ಹಸುವಿನ ವಿಷಯ ಹೇಳದೆ ಬಿಡುವ ಹಾಗಿಲ್ಲ. ಹೆಬ್ಬೆರಳಿನಷ್ಟೇ ದೊಡ್ಡದು ಅದು, ಚಿತ್ರದ ಹಿಂಭಾಗದಲ್ಲಿ. ಬಹಳ ಜನ ಗಮನಿಸುವುದೇ ಇಲ್ಲ. ಅದರ ಹಿಂಭಾಗ ಎದ್ದಿದೆ, ಮುಂದೆ ಇನ್ನೂ ಮೊಣಕಾಲೂರಿದೆ. ಹಸು ಏಳುವುದೇ ಹಾಗೆ, ಹಿಂದಿನಿಂದ. ಕುದುರೆ ಮೊದಲು ಮುಂಗಾಲು ಚಾಚಿ ಮುಂದಿನಿಂದ ಏಳುತ್ತದೆ. ಇದನ್ನು ಅದಲು ಬದಲು ಮಾಡಿದ ಚಿತ್ರಗಳನ್ನು ನೋಡಿದ್ದೇನೆ. ಈ ಮನುಷ್ಯ ಹೆಬ್ಬೆರಳಿನಷ್ಟು ಹಸುವನ್ನೂ ಸರಿಯಾಗಿ ಎಬ್ಬಿಸಿದ್ದಾನೆ. ಕೊಟ್ಟಿಗೆಯಲ್ಲಿ ಬೆಳೆದವನಿರಬೇಕು. ಕುದುರೆ ಮಾತ್ರ ಅವನ ಮನೆಯಲ್ಲಿ ಇರಲಿಲ್ಲವೇನೋ. ಕುದುರೆ ಇದ್ದರೆ ಚಿತ್ರ ಬೇಗ ಮಾರಾಟ ಆಗುತ್ತದೆ ಅಂತ ಯಾರೋ ಹೇಳಿರಬೇಕು, ಪಾಪ.

ಹೇಂಟೆಗಳು ಪರವಾಗಿಲ್ಲ. ಬಾತುಕೋಳಿಗಳನ್ನು ಸುಮ್ನೆ ಜಾಗ ತುಂಬಲು ಹಾಕಿದ್ದು.

ನೆರಳಿನ ಭಾಗದಲ್ಲಿ ಒಂದು ತೊಂದರೆ ಇದೆ. ಲಾಯದ ಬಾಗಿಲೊಳಗಿನ ಕಡುಕಂದು ಬಣ್ಣ ಅಗಲ ಅಗಲವಾಗಿ ಬಿರಿದು ಸುಕ್ಕುಗಟ್ಟಿದೆ. ಹಿಂದೆ ಬೆಚ್ಚನೆ ಕಂದು ಬೇಕೆಂದು ಡಾಂಬರಿನ ಜಾತಿಯ ಬಿಟುಮೆನ್ ಬಳಸುತ್ತಿದ್ದರು. ಅದು ಸರಿಯಾಗಿ ಒಣಗುವುದೇ ಇಲ್ಲ, ಮೇಲಿನ ಪದರವನ್ನೂ ಎಳೆದುಕೊಂಡು ಬಿರಿಯುತ್ತದೆ. ಇದನ್ನು ಪೂರ್ತಿ ಸರಿಮಾಡಲು ಬರುವುದಿಲ್ಲ. ದೂರದಿಂದ ನೋಡಿದರೆ ಕತ್ತಲೆಯಲ್ಲಿ ಸೇರಿಹೋಗುತ್ತದೆ, ನನಗೆ ಅಷ್ಟು ಸಾಕು.

ಪ್ಯಾಕಿಂಗ್ ಬಗ್ಗೆ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬಂತು. ಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಬಣ್ಣದ ಮೇಲೆ ಸುತ್ತಿದ್ದರು, ಅದೂ ಗುಳ್ಳೆ ಒಳಮುಖವಾಗಿ. ಬಿಸಿಗೆ ವಾರ್ನಿಷ್ ಮೆದುವಾದರೆ ಗುಳ್ಳೆಗಳ ಗುರುತು ಉಳಿದುಬಿಡುತ್ತದೆ. ಆಕಾಶದಲ್ಲಿ ಓರೆ ಬೆಳಕಿಗೆ ಸಾಲು ಸಾಲು ಉಂಗುರ ಕಾಣುತ್ತಿವೆ. ಮೊದಲು ನುಣುಪಾದ ಗ್ಲಾಸೀನ್ ಕಾಗದ, ಮೂಲೆಗಳಿಗೆ ರಟ್ಟು, ಆಮೇಲೆ ಗುಳ್ಳೆ ಹಾಳೆ. ಹಳೇ ಚಿತ್ರ ಮಾರುವ ಅಂಗಡಿಗೆ ಇದನ್ನು ಗಿರಾಕಿ ಹೇಳಿಕೊಡಬೇಕಾ?

ಮುದ್ರೆ, ಸಹಿ, ತೇಪೆ, ಉಂಗುರ, ಎಲ್ಲದರ ಫೋಟೊ ತೆಗೆದು ಕಳಿಸಿದೆ. ಜಗಳ ಆಡಲಿಲ್ಲ ಅವರು, ಅದಕ್ಕೆ ಮೆಚ್ಚಬೇಕು. ವಾಪಸ್ ಕಳಿಸಿ, ಇಲ್ಲವೇ ಕೊಟ್ಟಿದ್ದರಲ್ಲಿ ಒಂದಷ್ಟು ವಾಪಸ್ ಕೊಡುತ್ತೇವೆ ಅಂದರು. ಎರಡನೆಯದನ್ನು ಒಪ್ಪಿದೆ. ಹಂದಿಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಈಗ ಅದು ಒಳಗಿನ ಗೋಡೆಯ ಮೇಲಿದೆ. ಹೊರಗೋಡೆಗೆ ಥಂಡಿ ಹಿಡಿದರೆ ಕ್ಯಾನ್ವಾಸ್ ಸಡಿಲವಾಗುತ್ತದೆ, ಹಾಗಾಗಿ ಅಲ್ಲಿ ಬೇಡ. ನೇರ ಬಿಸಿಲು ಬೀಳುವ ಕಡೆಯೂ ಬೇಡ. ಹಳೇ ಚಿತ್ರಗಳನ್ನು ರಿಪೇರಿ ಮಾಡುವವರೊಬ್ಬರು ನೋಡಿ, ಹಿಂದಿನ ಮರದ ಮೂಲೆಗಳ ಬೆಣೆಗಳನ್ನು ಸ್ವಲ್ಪ ತಟ್ಟಿ ಕ್ಯಾನ್ವಾಸ್ ಬಿಗಿ ಮಾಡಿಕೊಟ್ಟರು. ಹಂದಿಯ ಮೇಲಿನ ಹಳದಿ ತೆಗೆಯೋಣವಾ ಅಂತ ಕೇಳಿದರು. ಬೇಡ ಮಾರಾಯ್ರೇ, ಕುದುರೆಗೆ ಆಗಿದ್ದು ಸಾಕು ಅಂದೆ.

ಅಂಕ ಕೊಡಲೇಬೇಕು ಅಂದರೆ ಚಿತ್ರಕ್ಕೆ ಐದರಲ್ಲಿ ನಾಲ್ಕು, ಅಂಗಡಿಗೆ ಎರಡು. ಹೆರಿಂಗ್ ಬೇಕು ಅನ್ನುವವರು ಇಂಥ ಕಡೆ ಹುಡುಕಬೇಡಿ. ಹೆಸರಿಲ್ಲದ ಕೈಯ ಒಳ್ಳೇ ಕೆಲಸ ಸಾಕು ಅನ್ನುವವರು ಧಾರಾಳವಾಗಿ ನೋಡಿ, ಆದರೆ ದುಡ್ಡು ಕಳಿಸುವ ಮೊದಲು ಹಿಂಬದಿಯ ಫೋಟೊ, ಸಹಿಯ ಹತ್ತಿರದ ಫೋಟೊ ಕೇಳಿ. ಅದೇ ಅಂಗಡಿಯಲ್ಲಿ ಈಗ ಮೇಕೆ, ಕೋಳಿಗಳ ಇನ್ನೊಂದು ಚಿತ್ರ ಬಂದಿದೆ. ಮೇಕೆಯ ಕಣ್ಣಿನ ಪಾಪೆ ಸರಿಯಾಗಿ ಅಡ್ಡಡ್ಡ ಇದೆ, ಆಸೆ ಆಗುತ್ತಿದೆ. ಹಿಂಬದಿಯ ಫೋಟೊ ಕೇಳಿದ್ದೇನೆ. ಇನ್ನೂ ಕಳಿಸಿಲ್ಲ.