ರೋಪ್‌ವೇ ಹತ್ತುವ ಮುಂಚೆ ಇಳಿಯೋದರ ಬಗ್ಗೆ ಕೇಳಿ

ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ರೋಪ್‌ವೇಯಲ್ಲಿ ಬೆಟ್ಟದ ತುದಿಗೆ ಹೊರಟವರು ದಯವಿಟ್ಟು ಇದನ್ನು ಓದಿ.

ಅಮ್ಮನಿಗೆ ಮಂಡಿ ನೋವು. ನಡೆದು ಹತ್ತೋಕಾಗಲ್ಲ ಅಂತಲೇ ರೋಪ್‌ವೇಗೆ ಹೋಗಿದ್ದೆವು. ಕೆಳಗಿನ ಕೌಂಟರಿನಲ್ಲಿ ಹೋಗಿಬರುವ ಟಿಕೆಟ್ ಕೊಟ್ಟರು. ಗಾಳಿಯ ಬಗ್ಗೆ ಒಂದು ಮಾತೂ ಹೇಳಲಿಲ್ಲ. ನಾವು ಮೇಲೆ ತಲುಪಿದ ಸ್ವಲ್ಪ ಹೊತ್ತಿಗೆ ಕ್ಯಾಬಿನ್‌ಗಳ ವೇಗ ತಗ್ಗಿತು. ಆದರೂ ಜನರನ್ನು ಮೇಲೆ ಕಳಿಸುತ್ತಲೇ ಇದ್ದರು. ಆಮೇಲೆ ಪೂರ್ತಿ ನಿಂತಿತು. 'ಹತ್ತು ನಿಮಿಷ' ಅಂದವರು ಮತ್ತೆ ಬಾಯಿ ಬಿಡಲಿಲ್ಲ. ಕತ್ತಲಾಯಿತು. ಕೂರಲು ಜಾಗವಿಲ್ಲ. ಅಮ್ಮ ಚಳಿಗೆ ನಡುಗುತ್ತಿದ್ದರು, ಪಕ್ಕದಲ್ಲಿದ್ದ ಹೆಂಗಸೊಬ್ಬರು ತಮ್ಮ ಶಾಲು ಹೊದಿಸಿದರು. ಕಾಲು ಗಟ್ಟಿ ಇದ್ದವರು ಮೊಬೈಲ್ ಟಾರ್ಚ್ ಹಿಡಿದು ಕಾಲುದಾರಿಯಲ್ಲಿ ಇಳಿದರು. ಅಮ್ಮನಂಥವರು ಏನು ಮಾಡಬೇಕು? ರಾತ್ರಿ ಗಾಳಿ ತಗ್ಗಿದ ಮೇಲೇ ನಮ್ಮನ್ನು ಇಳಿಸಿದ್ದು.

ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಅಡ್ಡಗಾಳಿಗೆ ಕ್ಯಾಬಿನ್ ತೂಗಾಡಿ ಕಂಬಕ್ಕೆ ಬಡಿಯಬಹುದು, ಹಗ್ಗ ರಾಟೆಯಿಂದ ಜಾರಬಹುದು. ಸಿಡಿಲಿದ್ದರೂ ಓಡಿಸಬಾರದು. 2021ರಲ್ಲಿ ಇಟಲಿಯ ಮೊಟ್ಟರೋನೆ ಬೆಟ್ಟದಲ್ಲಿ, ಪದೇ ಪದೇ ತೊಂದರೆ ಕೊಡುತ್ತಿದ್ದ ತುರ್ತು ಬ್ರೇಕನ್ನು ಕೆಲಸ ಮಾಡದಂತೆ ಮಾಡಿಟ್ಟು ಕ್ಯಾಬಿನ್ ಓಡಿಸುತ್ತಿದ್ದರು. ಎಳೆಯುವ ಹಗ್ಗ ತುಂಡಾದಾಗ ತಡೆಯಲು ಏನೂ ಇರಲಿಲ್ಲ. 14 ಜನ ಸತ್ತರು. ಹಾಗಾಗಿ ನಿಲ್ಲಿಸಲಿ, ಎಷ್ಟು ಹೊತ್ತಾದರೂ ಸರಿ. ನನ್ನ ಸಿಟ್ಟು ಗಾಳಿ ಏರುತ್ತಿರುವುದು ಗೊತ್ತಿದ್ದೂ ಟಿಕೆಟ್ ಮಾರಿದ್ದಕ್ಕೆ. ಗಾಳಿ ಅಳೆಯುವ ಮಾಪಕ ಅವರ ಹತ್ತಿರವೇ ಇರುತ್ತದೆ, ಅಲ್ವಾ? ವೇಗ ತಗ್ಗಿಸಿದವರಿಗೆ ಕಾರಣ ಗೊತ್ತಿರಲಿಲ್ಲವೇ?

ಅದಕ್ಕೇ ಟಿಕೆಟ್ ಕೌಂಟರಿನಲ್ಲೇ ಬಾಯಿಬಿಟ್ಟು ಕೇಳಿ. ಮೇಲೆ ಗಾಳಿ ಹೇಗಿದೆ? ನಿಂತರೆ ಇಳಿಯಲು ಬೇರೆ ದಾರಿ, ಗಾಡಿ ಹೋಗುವ ರಸ್ತೆ ಇದೆಯೇ? ಕೆಳಗಿಳಿಯುವ ಕೊನೆಯ ಕ್ಯಾಬಿನ್ ಎಷ್ಟು ಹೊತ್ತಿಗೆ? ಆದರೆ ಆ ಕೊನೆಯದನ್ನು ನೆಚ್ಚಿಕೊಳ್ಳಬೇಡಿ. ಇಡೀ ದಿನ ಹತ್ತಿದವರೆಲ್ಲ ಸಂಜೆ ಒಟ್ಟಿಗೆ ಇಳಿಯಲು ನಿಲ್ಲುತ್ತಾರೆ. ಎರಡೇ ಕ್ಯಾಬಿನ್ ಇರುವ ಕಡೆ ಒಂದು ಹತ್ತುವಾಗ ಇನ್ನೊಂದು ಇಳಿಯುತ್ತದೆ, ಸರದಿ ಕರಗೋದೇ ಇಲ್ಲ.

ಬಿಸಿಲಿದ್ದರೂ ಸ್ವೆಟರ್ ಇರಲಿ. 1000 ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ತಂಪು ಜಾಸ್ತಿ, ಗಾಳಿ ಸೇರಿದರೆ ಕೇಳೋದೇ ಬೇಡ. ರಾತ್ರಿಯ ಮಾತ್ರೆಯನ್ನೂ ಜೊತೆಗೇ ಒಯ್ಯಿರಿ.

ದಾರಿಯ ಮಧ್ಯೆ ಕ್ಯಾಬಿನ್ ನಿಂತರೆ ಬಾಗಿಲು ತೆಗೆಯಲು ಹೋಗಬೇಡಿ, ಅಲುಗಾಡಿಸಬೇಡಿ. ಕರೆಂಟ್ ಹೋಗಿದ್ದರೆ ಸಾಮಾನ್ಯವಾಗಿ ಡೀಸೆಲ್ ಎಂಜಿನ್‌ನಿಂದ ಮೆಲ್ಲಗೆ ಸ್ಟೇಷನ್ನಿಗೆ ಎಳೆದುಕೊಳ್ಳುತ್ತಾರೆ. ಒಳಗೆ ಬರೆದಿರುವ ತುರ್ತು ನಂಬರನ್ನು ಹತ್ತಿದ ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ.