ಏಳು ಸಾಮಾನಿನ ಗಾರ್ಡನ್ ಸೆಟ್ಟು, ಮೂರು ಹೊಲಿಗೆ

ನನ್ನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಈಗಲೂ ಒಂದು ಬಿಳಿ ಗೆರೆ ಇದೆ. ಹೋದ ವರ್ಷ ದೀಪಾವಳಿ ಸೇಲಿನಲ್ಲಿ ತರಿಸಿದ ಕೈತೋಟದ ಸಾಮಾನು ಹಾಕಿದ ಗುರುತು ಅದು. ಮಳೆ ಶುರುವಾಗಿದೆ, ಅಂಥದೇ ಸೆಟ್ಟುಗಳ ಜಾಹೀರಾತು ಮತ್ತೆ ಫೋನಿನ ತುಂಬ ಬರುತ್ತಿವೆ. ನಿನ್ನೆ ಪಕ್ಕದ ಮನೆಯವರು “ಇದು ತಗೊಳ್ಳಲಾ?” ಅಂತ ತೋರಿಸಿದ್ದೂ ಅದನ್ನೇ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆಯಲ್ಲಿ ಮೂವತ್ತು-ನಲವತ್ತರ ಸೈಟು. ಹಿತ್ತಲಲ್ಲಿ ಉಳಿದ ಹತ್ತಡಿ ಜಾಗದಲ್ಲಿ ಎರಡು ಮಡಿ ಮೆಂತ್ಯ, ನಾಲ್ಕು ಬದನೆ ಗಿಡ, ಗೇಟಿನ ಹತ್ತಿರ ದುಂಡುಮಲ್ಲಿಗೆ, ಐದು ಗುಲಾಬಿ. ಮಣ್ಣು ಎರೆ. ಎರೆಮಣ್ಣಿನ ಸಹವಾಸ ಮಾಡಿದವರಿಗೆ ಗೊತ್ತು, ಹಸಿಯಿದ್ದರೆ ಅಂಟು, ಒಣಗಿದರೆ ಕಲ್ಲು, ಕೈಯಾಡಿಸಲು ಹದ ಸಿಗುವುದು ನಡುವಿನ ನಾಲ್ಕೇ ದಿನ. ಅತ್ತೆಯವರ ಕಾಲದ ಒಂದು ಕುರ್ಚಿಗಿ, ಅಂದರೆ ಕಳೆ ತೆಗೆಯುವ ಸಣ್ಣ ಕೈಸಾಮಾನು, ಇತ್ತು. ಅದರ ಹಿಡಿ ಸೀಳಿ, ಅಟ್ಟದ ಮೇಲೆ ಬಿದ್ದಿತ್ತು. ರಿಪೇರಿ ಮಾಡಿಸುವುದು ಬಿಟ್ಟು ಹೊಸದು ತರಿಸುವ ಬುದ್ಧಿ ನನಗೇ ಬಂದದ್ದು, ಯಾರನ್ನೂ ದೂರುವಂತಿಲ್ಲ.

549 ರೂಪಾಯಿಗೆ ಏಳು ಸಾಮಾನು. ಅಗಲದ್ದೊಂದು ಕಿರಿದೊಂದು ಟ್ರೋವೆಲ್ (ಮಣ್ಣು ಅಗೆಯುವ ಕೈಸಲಿಕೆ), ಮಣ್ಣು ಕೆದಕುವ ಮೂರು ಹಲ್ಲಿನದು, ಕಳೆ ಕೀಳುವ ಕವಲು ಕಡ್ಡಿ, ಗಿಡದ ಕಡ್ಡಿ ಕತ್ತರಿಸುವ ಸಿಕೇಟರ್, ನೀರು ಚಿಮುಕಿಸುವ ಬಾಟಲಿ, ಇವನ್ನೆಲ್ಲ ಹಾಕಿಡಲು ಹಸಿರು ಚೀಲ. “ಹೆವಿ ಡ್ಯೂಟಿ” ಅಂತ ಬರೆದಿತ್ತು. ಸ್ಟಾರು 4.3. ಡಬ್ಬಿ ಒಡೆದಾಗ ಒಳಗೊಂದು ಚೀಟಿ ಸಿಕ್ಕಿತು: ಐದು ಸ್ಟಾರು ಕೊಟ್ಟು ಫೋಟೋ ಕಳಿಸಿದರೆ 50 ರೂಪಾಯಿ ವಾಪಸ್. ಆ 4.3 ಎಲ್ಲಿಂದ ಬಂತು ಅಂತ ಆಗಲೇ ಹೊಳೆಯಬೇಕಿತ್ತು. ನಾನು ಚೀಟಿಯನ್ನು ಜೋಪಾನವಾಗಿ ಎತ್ತಿಟ್ಟೆ!

ಮೊದಲ ವಾರ ಅಡ್ಡಿಯಿಲ್ಲ. ಕುಂಡದಲ್ಲಿ ಕೊಕೊಪೀಟು (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಕಲಸುವುದಕ್ಕೆ ಸ್ಟೀಲು ಚಮಚ ಕೂಡ ಸಾಕು. ಮಡಿಗೆ ಇಳಿಸಿದ ದಿನ ಮೂರು ಹಲ್ಲಿನದು ಕುತ್ತಿಗೆಯಲ್ಲೇ ಬಾಗಿತು. ನೆಟ್ಟಗೆ ಮಾಡಿದೆ, ಮತ್ತೆ ಬಾಗಿತು. ಸಿಕೇಟರಿನ ಸ್ಪ್ರಿಂಗು ಮೂರನೇ ಗುಲಾಬಿ ಗಿಡದ ಹೊತ್ತಿಗೆ ಹಾರಿ ಪೊದೆಯೊಳಗೆ ಬಿತ್ತು, ಇವತ್ತಿಗೂ ಸಿಕ್ಕಿಲ್ಲ. ಒಂಬತ್ತನೇ ದಿನ ಬದನೆ ಬುಡ ಬಿಡಿಸಲು ಅಗಲದ ಟ್ರೋವೆಲ್ ಊರಿ, ಅಂಗೈಯಿಂದ ಒತ್ತಿದೆ. ಹಿಡಿ ಕಳಚಿ ಪಕ್ಕಕ್ಕೆ ಜಾರಿತು. ಮಣ್ಣಲ್ಲಿ ನೆಟ್ಟಗೆ ನಿಂತಿದ್ದ ಕಬ್ಬಿಣದ ಮೇಲೆ, ಒತ್ತಿದ ಭಾರಕ್ಕೇ ನನ್ನ ಕೈ ಹೋಗಿ ಕೂತಿತು.

ಮೂರು ಹೊಲಿಗೆ. ಡಾಕ್ಟರು ಮೊದಲು ಕೇಳಿದ್ದು “ಕೊನೇ ಟಿಟಿ ಯಾವಾಗ ತಗೊಂಡಿದ್ರಿ?” ಅಂತ, ಧನುರ್ವಾಯು ತಡೆಯುವ ಇಂಜೆಕ್ಷನ್. ನೆನಪಿದ್ದರೆ ತಾನೇ? ಧನುರ್ವಾಯು ತರುವ ಬ್ಯಾಕ್ಟೀರಿಯಾ ತುಕ್ಕಿನಲ್ಲಿ ಹುಟ್ಟುವುದಲ್ಲ, ಅದರ ಬೀಜಕಣಗಳು ಇರುವುದು ಮಣ್ಣಲ್ಲಿ, ಸಗಣಿಯಲ್ಲಿ. ಅಂದರೆ ಕೈತೋಟ ಮಾಡುವವರು ದಿನಾ ಕೈಯಿಡುವ ಜಾಗದಲ್ಲೇ. ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು. ಮಣ್ಣು ಸೇರಿದ ಗಾಯವಾಗಿ, ಹಿಂದಿನ ಇಂಜೆಕ್ಷನ್‌ಗೆ ಐದು ವರ್ಷ ದಾಟಿದ್ದರೆ ಆಗಲೇ ಒಂದು ಹಾಕಿಸಬೇಕು. ಬೇರೇನೂ ನೆನಪಿಡದಿದ್ದರೂ ಇದೊಂದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.

ವಾಪಸ್ ಕೊಡಲು ಹೋದರೆ ಏಳು ದಿನ ಮುಗಿದಿದೆ, ಬಳಸಿದ ಮಾಲು ತೆಗೆದುಕೊಳ್ಳುವುದಿಲ್ಲ ಅಂದರು. ಡಬ್ಬಿ ತಿರುಗಿಸಿ ನೋಡಿದರೆ ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ಯಾವ ದೇಶದ್ದು ಅಂತಲೂ ಇಲ್ಲ. ಪೊಟ್ಟಣದ ಮೇಲೆ ಹೆಸರು, ವಿಳಾಸ, ಹೊರದೇಶದ ಮಾಲಾದರೆ ಯಾವ ದೇಶದ್ದು ಅಂತಲೂ ಇರಲೇಬೇಕು ಅಂತ ಕಾನೂನಿದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಿ ದೂರು ದಾಖಲಿಸಿದ ಮೇಲೆ ಅರ್ಧ ದುಡ್ಡು ಬಂತು. ಇಂಥ ಸಾಮಾನು ಬಂದ ದಿನವೇ ಡಬ್ಬಿಯ ನಾಲ್ಕೂ ಮಗ್ಗುಲಿನ ಫೋಟೋ ತೆಗೆದಿಡಿ, ಕುಂಡದಲ್ಲಲ್ಲ, ನೆಲದಲ್ಲೇ ಅಗೆದು ನೋಡಿ, ಏಳು ದಿನದೊಳಗೆ.

ಹೊಲಿಗೆ ಬಿಚ್ಚಿದ ಮೇಲೆ ಆ ಹಿಡಿಯ ರಬ್ಬರನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಟೊಳ್ಳು ಪ್ಲಾಸ್ಟಿಕ್ಕು. ಐದಿಂಚಿನ ಹಿಡಿಯೊಳಗೆ ಕಬ್ಬಿಣ ಹೋಗಿದ್ದದ್ದು ಒಂದೂವರೆ ಇಂಚು, ಅದನ್ನು ಹಿಡಿದಿಟ್ಟಿದ್ದದ್ದು ಒಣಗಿ ಪುಡಿಯಾದ ಗೋಂದು. ರಿವೆಟ್ (ಬಡಿದು ಕೂರಿಸುವ ಮೊಳೆ) ಥರ ಹೊರಗೆ ಕಾಣುತ್ತಿದ್ದ ಎರಡು ಬೆಳ್ಳಿ ಚುಕ್ಕೆ ಬರೀ ಅಂಟಿಸಿದ ಬಿಲ್ಲೆ. ನನಗೆ ಸಿಟ್ಟು ಬಂದದ್ದು ಗಾಯಕ್ಕಲ್ಲ, ಈ ಬಿಲ್ಲೆಗೆ. ರಿವೆಟ್ ಬೇಕು ಅಂತ ಅವರಿಗೂ ಗೊತ್ತಿತ್ತಲ್ಲ!

ಅತ್ತೆಯವರ ಕುರ್ಚಿಗಿಯನ್ನೂ ಈ ಸೆಟ್ಟನ್ನೂ ಒಟ್ಟಿಗೆ ತಗೊಂಡು ಹಳೇ ಊರಿನ ಕಡೆ ಒಂದು ಕುಲುಮೆಗೆ ಹೋದೆ. ಅಲ್ಲಿದ್ದ ಅಜ್ಜ ಟ್ರೋವೆಲನ್ನು ಎರಡು ಬೆರಳಲ್ಲಿ ಎತ್ತಿ, “ಇದ್ರಾಗೆ ಕಬ್ಬಿಣ ಎಲ್ಲೈತ್ರೀ ಅಕ್ಕಾರೆ? ಡಬ್ಬಿ ತಗಡು ಇದು” ಅಂದರು. ಕುರ್ಚಿಗಿಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದರು. ಸೀಳಿದ ಹಿಡಿ ಬಡಿದು ಬಿಚ್ಚಿದಾಗ ಒಳಗಿನ ಮೊನೆಗಂಬಿ ಹಿಡಿಯ ಮುಕ್ಕಾಲು ಉದ್ದ ಇತ್ತು. ತುದಿಯನ್ನು ಆಚೆಗೆ ಮಡಚಿ ಬಡಿದಿದ್ದರು, ಎಳೆದರೂ ಬಾರದ ಹಾಗೆ. ಮರ ಸೀಳದಂತೆ ಬಾಯಲ್ಲಿ ಒಂದು ಕಬ್ಬಿಣದ ಬಳೆ. ಅಜ್ಜ ಜಾಲಿಮರದ ಹೊಸ ಹಿಡಿ ಹಾಕಿ, ಕುರ್ಚಿಗಿಯ ಬಾಯಿ ಹಣಿಸಿ, ಕೆಂಪಗೆ ಕಾಸಿ ಅಂಚನ್ನಷ್ಟೇ ನೀರಿಗೆ ಅದ್ದಿ ತೆಗೆದರು. “ಹದ ಜಾಸ್ತಿ ಆದ್ರೆ ಮುಕ್ಕಾಗ್ತತಿ, ಕಮ್ಮಿ ಆದ್ರೆ ಮಡಚ್ತತಿ” ಅನ್ನುತ್ತಾ ಅಂಚಿನ ಮೇಲೆ ಒಣಹುಲ್ಲಿನ ಹಳದಿ ಬಣ್ಣ ಓಡುವುದನ್ನೇ ನೋಡುತ್ತಿದ್ದರು. 120 ರೂಪಾಯಿ.

ಕುಲುಮೆಯದ್ದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಅಲ್ಲೇ ಲಾರಿಯ ಕಮಾನು ಪಟ್ಟಿಯಿಂದ ಮಾಡಿಸಿದ ಸಣ್ಣ ಗುದ್ದಲಿ ನನಗೆ ವಿಪರೀತ ಭಾರವಾಯಿತು, ಹತ್ತು ನಿಮಿಷಕ್ಕೇ ಮಣಿಕಟ್ಟು ನೋವು. ಮತ್ತೆ ಹೋಗಿ ತೆಳುವಾಗಿ ಬಡಿಸಿಕೊಂಡು ಬಂದೆ. ಗಟ್ಟಿ ಅಂದರೆ ಭಾರ ಅಂತಲ್ಲ, ಅದು ನನಗೆ ಆಗ ಅರ್ಥವಾಯಿತು. ಹಿಡಿಯ ದಪ್ಪವೂ ಹಾಗೆಯೇ. ಮುಷ್ಟಿ ಕಟ್ಟಿದರೆ ಹೆಬ್ಬೆರಳು ಉಳಿದ ಬೆರಳುಗಳ ತುದಿಗೆ ತಾಗಬೇಕು. ತಾಗದಿದ್ದರೆ ಹಿಡಿ ದಪ್ಪ, ಅಂಗೈಯೊಳಗೆ ಬೆರಳು ಹೂತರೆ ತೆಳು. ಬೆರಳಚ್ಚಿನ ಹಾಗೆ ತಗ್ಗು-ದಿಣ್ಣೆ ಮಾಡಿರುವ ಪ್ಲಾಸ್ಟಿಕ್ ಹಿಡಿ ಯಾರ ಬೆರಳಿನ ಅಳತೆಗೆ ಮಾಡಿದ್ದೋ, ನನ್ನದಕ್ಕಂತೂ ಅಲ್ಲ. ಹೊಳೆಯುವ ವಾರ್ನಿಷ್ ಇದ್ದರೆ ಬೆವರಿಗೆ ಜಾರಿ ಬೊಕ್ಕೆ ಏಳುತ್ತದೆ. ಅದನ್ನು ಉಜ್ಜಿ ತೆಗೆದು ಅಗಸೆ ಎಣ್ಣೆ ಸವರಿ ಒಣಗಲು ಬಿಡುತ್ತೇನೆ.

ಟ್ರೋವೆಲ್ ಬೇಕೇ ಬೇಕು ಅನ್ನುವವರು ಅಂಗಡಿಗೇ ಹೋಗಿ. ಮೊದಲು ನೋಡಬೇಕಾದ್ದು ಅಲಗೂ ಕುತ್ತಿಗೆಯೂ ಒಂದೇ ತುಂಡೋ, ಚುಕ್ಕಿ ಬೆಸುಗೆ ಹಾಕಿ ಮೇಲೆ ಬಣ್ಣ ಬಳಿದದ್ದೋ ಅಂತ. ತುದಿಯನ್ನು ಅಂಗಡಿಯ ಕಟ್ಟೆಗೆ ಊರಿ ಹಿಡಿಯನ್ನು ಒತ್ತಿ, ತಿರುಚಿ. ಕುತ್ತಿಗೆ ಮಣಿದರೆ, ಹಿಡಿಯೊಳಗೆ “ಕಟ್” ಅಂದರೆ ಅಲ್ಲೇ ಬಿಟ್ಟು ಬನ್ನಿ. ಅಂಗಡಿಯವರು ಮುಖ ಗಂಟಿಕ್ಕುತ್ತಾರೆ, ಇಕ್ಕಲಿ.

ಅಯಸ್ಕಾಂತ ಹಿಡಿದು ಸ್ಟೇನ್‌ಲೆಸ್ ಪರೀಕ್ಷೆ ಮಾಡಿ ಅಂತ ಕೆಲವರು ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಪಾತ್ರೆಗೆ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸಾಮಾನ್ಯವಾಗಿ ಅಂಟುವುದಿಲ್ಲ, ಕತ್ತರಿ-ಚಾಕುವಿಗೆ ಬಳಸುವ ಗಟ್ಟಿ ಸ್ಟೇನ್‌ಲೆಸ್ ಅಂಟುತ್ತದೆ. ಹಾಗಾಗಿ ಅಂಟಿದ ಮಾತ್ರಕ್ಕೆ ಮೋಸ ಅಲ್ಲ.

ಸಿಕೇಟರ್ ವಿಷಯದಲ್ಲಿ ಮಾತ್ರ ಸ್ವಲ್ಪ ದುಡ್ಡು ಬಿಚ್ಚಿ. ಒಂದರ ಪಕ್ಕ ಒಂದು ಅಲಗು ಜಾರಿ ಹೋಗುವ ಬೈಪಾಸ್ ಜಾತಿಯದು ಹಸಿ ಕಡ್ಡಿಗೆ. ಚಪ್ಪಟೆ ಪಟ್ಟಿಯ ಮೇಲೆ ಅಲಗು ಬಂದು ಕೂರುವ ಆನ್ವಿಲ್ ಒಣ ಕಡ್ಡಿಗೆ, ಅದರಲ್ಲಿ ಗುಲಾಬಿ ಕತ್ತರಿಸಿದರೆ ತೊಟ್ಟು ಜಜ್ಜಿ ಕಪ್ಪಾಗುತ್ತದೆ. ಮುಚ್ಚಿ ಬೆಳಕಿಗೆ ಹಿಡಿದರೆ ಅಲಗುಗಳ ನಡುವೆ ಕಿಂಡಿ ಕಾಣಬಾರದು. ನಡುವಿನದು ಬಿಚ್ಚಲು ಬರುವ ನಟ್ಟಾಗಿರಬೇಕು. ಬಡಿದು ಕೂರಿಸಿದ ರಿವೆಟ್ ಆದರೆ ಸಡಿಲವಾದ ದಿನವೇ ಗುಜರಿಗೆ. (ಟ್ರೋವೆಲ್ ಹಿಡಿಗೆ ರಿವೆಟ್ ಬೇಕು, ಇಲ್ಲಿ ಬೇಡ, ತಮಾಷೆ.) ಸ್ವಿಟ್ಜರ್ಲೆಂಡಿನ ಫೆಲ್ಕೊ 1945ರಿಂದ ಇದೇ ಕಸುಬು ಮಾಡುತ್ತಿರುವ ಕಂಪನಿ. ಅವರ ಕತ್ತರಿಯ ಬ್ಲೇಡು, ಸ್ಪ್ರಿಂಗು ಎಲ್ಲ ಬಿಡಿಯಾಗಿ ಸಿಗುತ್ತವೆ. ನನ್ನ ಐದು ಗುಲಾಬಿಗೆ ಆ ಬೆಲೆ ಹೆಚ್ಚಾಯಿತು, ಆದರೆ “ಸ್ಪ್ರಿಂಗು ಬೇರೆ ಸಿಗ್ತದಾ?” ಅಂತ ಕೇಳುವುದನ್ನು ಅವರಿಂದ ಕಲಿತೆ. ಬೀಜ-ಗೊಬ್ಬರದ ಅಂಗಡಿಯಲ್ಲಿ ಸಿಗ್ತದೆ ಅಂದರು, 650 ಕೊಟ್ಟು ತಂದೆ.

ಈಗ ಕೆಲಸ ಮುಗಿದ ಮೇಲೆ ಮಣ್ಣು ಒರೆಸಿ, ಒಣಗಿಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಸವರಿ ಗೂಟಕ್ಕೆ ನೇತುಹಾಕುತ್ತೇನೆ. ಹಿಡಿಗಳಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ, ಮೆಂತ್ಯದ ನಡುವೆ ಮರೆತರೂ ಕಾಣಲಿ ಅಂತ. ಆ ಸೆಟ್ಟಿನಲ್ಲಿ ಇವತ್ತಿಗೂ ನೆಟ್ಟಗಿರುವುದು ಹಸಿರು ಚೀಲ ಒಂದೇ. ಬೆಳ್ಳುಳ್ಳಿ ತುಂಬಿ ಅಡುಗೆಮನೆ ಮೊಳೆಗೆ ಸಿಕ್ಕಿಸಿದ್ದೇನೆ.